ಕೂಡಿದಲ್ಲಿ ಕಾವು

ಕಂಬದ ಕೆಳಗೆ ನಿಂತು ಕ್ಯಾಮೆರಾ ಎತ್ತಿದರೆ
ತಂತಿ ನೀಲಿ, ಆಕಾಶ ಕಪ್ಪು,
ಎರಡು ತಂತಿ ಕೂಡಿದಲ್ಲಿ ಮಾತ್ರ
ಅರಿಸಿನದ ಚಿಟಿಕೆಯಷ್ಟು ಹಳದಿ.
ತೊಂಬತ್ತನಾಲ್ಕು ಡಿಗ್ರಿ.
"ಜಾಯಿಂಟು ಕಣವ್ವ," ಅಂದ ಲೈನ್‌ಮ್ಯಾನ್ ಸಿಂಗ್ರಯ್ಯ,
"ಒಂಟಿ ತಂತಿ ಹಿಂಗೆ ಕಾಯಾಕಿಲ್ಲ."

ಬಸರಾಳು ದಾರಿ, ಜನವರಿ, ರಾತ್ರಿ ಹನ್ನೊಂದು.
ಲೋಡು ತಾಳದೆ ಈ ವಾರ ಮೂರು ಸಲ ಫ್ಯೂಸು ಹೋಗಿದೆ.
ಕಾರಣ ಅಲ್ಲಿದೆ, ನಾಲೆ ಏರಿಯ ಆಚೆ:
ಎರಡು ಆಲೆಮನೆ ಈ ಸಲ ಒಂದಾಗಿವೆ.

ಪುಟ್ಟತಾಯಮ್ಮ, ದೇವೀರಮ್ಮ. ವಾರಗಿತ್ತಿಯರು.
ಹದಿನಾಲ್ಕು ವರ್ಷ ಒಂದೇ ಬದುವಿನ ಆಚೆ ಈಚೆ ಒಲೆ ಹೂಡಿ
ನಿನ್ನ ಹೊಗೆ ನನ್ನ ಕಣಕ್ಕೆ ಬಂತೆಂದು
ಗಾಳಿಯ ಮೇಲೂ ಪಂಚಾಯ್ತಿ ಸೇರಿಸಿದವರು.
ಈಗ ಗಾಣ ಒಂದು, ಕೊಪ್ಪರಿಗೆ ನಾಲ್ಕು, ಒಲೆ ಒಂದೇ ಸಾಲು.
ರಾಜಿಯಾಯಿತೆ? ಕೇಳಬೇಡಿ.
ಪಾಕ ಹದಕ್ಕೆ ಬರುವ ಹೊತ್ತಿಗೆ
ಇಬ್ಬರ ದನಿಯೂ ನಾಲೆ ದಾಟುತ್ತದೆ.

ಸುಮ್ಮನೆ ಅತ್ತ ತಿರುಗಿಸಿದೆ ಕ್ಯಾಮೆರಾ.
ಬರಿಗಣ್ಣಿಗೆ ಮಣ್ಣುಗೋಡೆ, ಹೊಗೆ, ಒಂದು ಬಲ್ಬು.
ಪರದೆಯಲ್ಲಿ ಗೋಡೆಗೆ ಗೋಡೆಯೇ ಉರಿಯುತ್ತಿತ್ತು.

ಇದನ್ನು ನಾನು ನೋಡಿದ್ದೇನೆ.
ಗಂಗೋತ್ರಿಯಲ್ಲಿ, ಎಂಎಸ್ಸಿ ಎರಡನೇ ವರ್ಷ,
ಫ್ಯಾನು ಕಿರುಗುಡುವ ಕೋಣೆಯಲ್ಲಿ ನೂರಾ ಹನ್ನೆರಡು ಚಿತ್ರ:
ಕಾಣುವ ಬೆಳಕಿನಲ್ಲಿ ಒರೆಸಿದ ಸ್ಲೇಟಿನಂಥ ಮಸುಕು,
ಸೊಟ್ಟಗಾದ ಎರಡು ಗ್ಯಾಲಕ್ಸಿ, ಹಿಂದೆ ಎಳೆದುಹೋದ ಬಾಲ.
ಅದೇ ಮಸುಕು ಅವಕೆಂಪಿನಲ್ಲಿ
ಲಕ್ಷ ಕೋಟಿ ಸೂರ್ಯರ ಕಾವು.
"ಕಾವಿನ ಪ್ರಕಾರ ಜೋಡಿಸಮ್ಮ," ಅಂದಿದ್ದರು ಇಂದಿರಾಬಾಯಿ ಮೇಡಂ.
ಜೋಡಿಸಿದೆ. ಮೇಲಿನವು ಹೆಚ್ಚುಕಡಿಮೆ ಎಲ್ಲವೂ ಜೋಡಿ.
ಪಟ್ಟಿ ಇಳಿದ ಹಾಗೆಲ್ಲ ಒಂಟಿಗಳು,
ತಮ್ಮ ಪಾಡಿಗೆ ತಾವು ಸುತ್ತುವ ಸಂಭಾವಿತರು.

ನಕ್ಷತ್ರಕ್ಕೆ ನಕ್ಷತ್ರ ತಾಗುವುದೇ ಇಲ್ಲ, ನಡುವೆ ಅಷ್ಟು ಖಾಲಿ.
ಸಂತೆಯಲ್ಲಿ ಮುಖ ತಿರುಗಿಸಿ ನಡೆವ ನೆಂಟರಂತೆ
ಒಂದರೊಳಗೊಂದು ಹಾದುಹೋಗುತ್ತವೆ.
ಢಿಕ್ಕಿ ಹೊಡೆಯುವುದು ಮೋಡ.
ಅನಿಲ ಅನಿಲವನ್ನು ಹಿಂಡಿ, ನಡುಮನೆಗೆ ಜಾರಿ,
ಅಲ್ಲಿ ಒಮ್ಮೆಗೇ ಸಾವಿರ ಹೆರಿಗೆ.
ಕಣ್ಣು ತಾಕದಿರಲೆಂದೋ ಏನೋ
ಧೂಳು ಮುಸುಕು ಹೊದಿಸುತ್ತದೆ.
ಆದರೆ ಧೂಳಾದರೂ ಎಷ್ಟೆಂದು ನುಂಗೀತು?
ನುಂಗಿದ ನೀಲಿಯನ್ನೆಲ್ಲ ಬಿಸಿಯಾಗಿ ಬಿಟ್ಟುಕೊಡುತ್ತದೆ,
ಬಾಣಂತಿ ಕೋಣೆಯ ಗೋಡೆಯ ಹಾಗೆ:
ಹೊರಗಿನಿಂದ ಅಂಗೈ ಇಟ್ಟರೆ ಗೊತ್ತಾಗುತ್ತದೆ,
ಒಳಗೆ ಯಾರೋ ಹುಟ್ಟಿದ್ದಾರೆ.

ಒಂದೇ ಒಂದು ಚಿತ್ರ ಲೆಕ್ಕಕ್ಕೆ ಸಿಗಲಿಲ್ಲ, ಎಪ್ಪತ್ಮೂರನೆಯದು.
ಮೈಗೆ ಮೈ ತಾಗಿದ ಎರಡು ದುಂಡನೆಯವು.
ಅವಕೆಂಪಿನಲ್ಲಿ ಬರೀ ಕತ್ತಲು.
"ಅನಿಲ ಮುಗಿದ ಜೋಡಿ," ಅಂದರು ಮೇಡಂ,
"ಕೂಡುತ್ತವೆ. ಕಾಯುವುದಿಲ್ಲ."
ಅದನ್ನು ಅಡಿಟಿಪ್ಪಣಿಗೆ ತಳ್ಳಿ ಪಾಸಾದೆ.
ಆಮೇಲೆ ಆರು ವರ್ಷ
ಮಂಡ್ಯದ ಕ್ವಾರ್ಟರ್ಸಿನಲ್ಲಿ ಅವನೂ ನಾನೂ
ಒಂದು ಜಗಳವೂ ಆಡದೆ
ದಿನಾ ರಾತ್ರಿ ಟಿಫಿನ್ ಕ್ಯಾರಿಯರ್ ತೊಳೆದು ಬೋರಲು ಹಾಕಿದೆವು.

"ಏನವ್ವ ಅದು, ನಮ್ಮನ್ನೇ ಹಿಡೀತಿದ್ದೀಯ?"
ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಹಿಡಿದು ಪುಟ್ಟತಾಯಮ್ಮ,
ಹಿಂದೆಯೇ, ಎಲೆ ಸಣ್ಣದಾಯಿತೆಂದು ಗೊಣಗುತ್ತ, ದೇವೀರಮ್ಮ.
ಈಗಷ್ಟೇ ಹಿಡಿದ ಚಿತ್ರ ತೋರಿಸಿದೆ.
ಒಲೆಯ ಬಾಯಿಗೆ ರಚ್ಚು ತಳ್ಳುತ್ತಿರುವ
ಒಂದೇ ಒಂದು ದೊಡ್ಡ ಬಿಳಿ ಉರಿ.
"ಇದರಾಗೆ ನಾನ್ಯಾವಳು, ಇವಳ್ಯಾವಳು?"
ನನಗೂ ಗೊತ್ತಾಗಲಿಲ್ಲ.

ಸಿಂಗ್ರಯ್ಯ ಕೈಗವಸು ಏರಿಸಿಕೊಂಡ.
ಜಾಯಿಂಟು ಬಿಗಿಯಬೇಕಾದರೆ ಲೈನು ತೆಗೆಯಬೇಕು.
"ತೆಗೀಬ್ಯಾಡ! ಕತ್ತಲಾಗೆ ಪಾಕ ನೋಡಾದೆಂಗೆ?"
ಇಬ್ಬರೂ ಒಟ್ಟಿಗೇ ಕೂಗಿ
ಒಬ್ಬರನ್ನೊಬ್ಬರು ನೋಡಿಕೊಂಡು ಸಿಡುಕಿದರು.

ಬೆಲ್ಲ ನಾಲಿಗೆ ಸುಟ್ಟಿತು.
ಲಾಗ್ ಬುಕ್ಕು ಮೊಣಕಾಲ ಮೇಲಿಟ್ಟು ಬರೆದೆ:
ಹನ್ನೊಂದೂ ನಲವತ್ತು. ಜಾಯಿಂಟು ಕಾಯುತ್ತಿದೆ.
ಏರಿಯ ಮೇಲೆ ಕೂತು
ನಾವೂ.